ಮನಸ್ಸು ಗಟ್ಟಿ ಮಾಡಿಕೋ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಪ್ರಕಟವಾಗಲು ಇನ್ನು ಕೆಲವೇ ದಿನಗಳಿವೆ. ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾಗಿರುವ ನನಗೆ ವರ್ಷದ ಈ ದಿನಗಳು ಇಂದಿಗೂ ಆತಂಕದ ದಿನಗಳೇ. ಫಲಿತಾಂಶದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ 625ಕ್ಕೆ 625 ಅಂಕ ಗಳಿಸಿದ ಮಕ್ಕಳ ನಗುಮುಖಗಳಿರುತ್ತವೆ; ಅವರ ಶ್ರಮಕ್ಕೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲುಗಳಲ್ಲಿ ಮುಗಿದುಹೋಗುವ ಬೇರೊಂದು ಬಗೆಯ ಸುದ್ದಿಯೂ ಇರುತ್ತದೆ. ನಮ್ಮ ಕಡೆಯ ಊರಿನ ಹೆಸರು ಅಲ್ಲಿ ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಾ ನಾನು ಮೊದಲು ತಿರುವಿ ನೋಡುವುದು ಆ ಪುಟವನ್ನೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಇವರೆಲ್ಲ ಪರೀಕ್ಷೆಯ ಕಾರಣದಿಂದಲೇ ಹೋದರೆಂದು ಹೇಳಲಾಗದು. ಒಂದೊಂದು ಸಾವಿನ ಹಿಂದೆಯೂ ಹಲವು ಎಳೆಗಳು ಸಿಕ್ಕುಬಿದ್ದಿರುತ್ತವೆ. ಆದರೂ ಫಲಿತಾಂಶದ ದಿನ, ಅದರ ಮರುದಿನ, ಆ ವಾರ ನಾವು ಹಿರಿಯರು ಮಕ್ಕಳ ಎದುರು ಆಡುವ ಮಾತಿಗೆ ಬಹಳ ತೂಕವಿದೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ. ಈ ಪತ್ರ ಆ ಮಾತನ್ನು ಕುರಿತದ್ದು.

ಕಷ್ಟದಲ್ಲಿರುವವರಿಗೆ ನಾವೆಲ್ಲರೂ ಹೇಳುವ ಮಾತೊಂದಿದೆ: 'ಮನಸ್ಸು ಗಟ್ಟಿ ಮಾಡಿಕೋ.' ಸಾವಿನ ಮನೆಯಲ್ಲಿ, ಬೆಳೆ ಹಾಳಾದ ಹೊಲದ ಬದುವಿನ ಮೇಲೆ, ಅಂಕಪಟ್ಟಿ ಹಿಡಿದು ನಿಂತ ಮಗುವಿನ ಮುಂದೆ ನಾವು ಹೇಳುವುದು ಇದನ್ನೇ. ಹೇಳುವವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಈ ಮಾತು ಕೇಳಿದ ಮಗು ಮಾಡುವುದೇನು? ಅಳು ನುಂಗುತ್ತದೆ, ಊಟ ಬೇಡವೆನ್ನುತ್ತದೆ, ಬಾಗಿಲು ಹಾಕಿಕೊಳ್ಳುತ್ತದೆ, ಯಾರ ಕಣ್ಣಿಗೂ ಬೀಳದಂತೆ ಒಳಗೊಳಗೇ ಬಿಗಿದುಕೊಳ್ಳುತ್ತದೆ. ನಮ್ಮ ಕಡೆ ಹೊಲ ಇರುವ ಪ್ರತಿಯೊಬ್ಬರಿಗೂ ಗೊತ್ತು, ಬೇಸಿಗೆಯಲ್ಲಿ ಕಾದು ಗಟ್ಟಿಯಾದ ನೆಲದ ಮೇಲೆ ಬಿದ್ದ ಮೊದಲ ದೊಡ್ಡ ಮಳೆ ಒಳಗೆ ಇಳಿಯದೆ ಹರಿದುಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹೆಂಟೆ ಒಡೆದು, ಹರಗಿ, ಹದಕ್ಕೆ ತಂದ ಹೊಲ ಮಾತ್ರ ಅದೇ ಮಳೆಯನ್ನು ಕುಡಿದು ಬೀಜಕ್ಕಾಗಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿಗೆ, ಕಬ್ಬಿಣಕ್ಕೆ, ಬೆಲ್ಲದ ಪಾಕಕ್ಕೆ ನಾವು ಬಳಸುವ 'ಹದ' ಎಂಬ ಈ ಮಾತನ್ನು ಮನಸ್ಸಿಗೂ ಬಳಸಬೇಕು ಎಂಬುದು ನನ್ನ ಭಾವನೆ. ಮನೋವಿಜ್ಞಾನದವರು 'ಸ್ಥಿತಿಸ್ಥಾಪಕತ್ವ' ಎಂದು ಭಾರವಾದ ಶಬ್ದದಿಂದ ಹೇಳುವ ಗುಣ, ಅಂದರೆ ಪೆಟ್ಟು ಬಿದ್ದ ಮೇಲೂ ತನ್ನ ನೆಲೆಗೆ ಮರಳುವ ಗುಣ, ನನ್ನ ಅರಿವಿಗೆ ನಿಲುಕಿದಂತೆ ಈ ಹದವೇ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಫಲಿತಾಂಶ ಬಂದ ಮೂರನೆಯ ದಿನ ನನ್ನ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯೊಂದಿಗೆ ಶಾಲೆಗೆ ಬಂದಿದ್ದಳು. ಗಣಿತದಲ್ಲಿ 27 ಅಂಕ ಬಂದಿತ್ತು, ಆಗ ತೇರ್ಗಡೆಗೆ 35 ಬೇಕಿತ್ತು. ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿದ್ದಳು. ಒಳಗೆ ಬಾ ಎಂದು ಕರೆದರೂ ಬಾಗಿಲ ಹೊರಗೇ ನಿಂತು, 'ನಾ ಫೇಲಾದಾಕಿರಿ ಸರ್' ಎಂದಳು. ಆ ಮಾತಿನ ರೂಪವನ್ನು ನಾನು ಇವತ್ತಿಗೂ ಮರೆತಿಲ್ಲ. ಗಣಿತದಲ್ಲಿ ಫೇಲಾದೆ ಎಂದು ಅವಳು ಹೇಳಲಿಲ್ಲ. ಮೂರೇ ದಿನಗಳಲ್ಲಿ ಆ ಸೋಲು ಅವಳಿಗೆ ಹೆಸರಾಗಿಬಿಟ್ಟಿತ್ತು. 'ಫೇಲಾದಾಕಿ' ಎಂದರೆ ಅವಳೇ. ನನಗೆ ಆಗ ಮನೋವಿಜ್ಞಾನದ ಗಂಧವೇನೂ ಇರಲಿಲ್ಲ, ಲೆಕ್ಕದ ಮೇಷ್ಟ್ರಾಗಿ ನಾನು ಕಂಡದ್ದನ್ನಷ್ಟೇ ಹೇಳಿದೆ: 'ಎಂಟು ಮಾರ್ಕ್ಸ್ ಕಡಿಮಿ ಬಿದ್ದಾವವ್ವಾ, ಅಷ್ಟ.' ನಂತರ ಅವಳನ್ನು ಕೂರಿಸಿಕೊಂಡು ಆ ಎಂಟು ಅಂಕಗಳು ಎಲ್ಲಿ ಹೋಗಿರಬಹುದು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಪ್ರಮೇಯವೊಂದನ್ನು ಬಿಟ್ಟಿದ್ದಳು, ರಚನೆಯ ಲೆಕ್ಕವೊಂದನ್ನು ಅರ್ಧಕ್ಕೆ ನಿಲ್ಲಿಸಿದ್ದಳು. ಕೂತಲ್ಲೇ ಅವಳ ಮುಖದ ಬಿಗಿ ಸಡಿಲವಾದದ್ದನ್ನು ನಾನು ನೋಡಿದೆ. 'ನಾನು ಫೇಲಾದವಳು' ಎಂಬುದಕ್ಕೆ ಮಾಡುವುದೇನೂ ಇರುವುದಿಲ್ಲ. ಎಂಟು ಅಂಕದ ಕೊರತೆಗೆ ಮಾಡಬಹುದಾದದ್ದು ಬೇಕಾದಷ್ಟಿರುತ್ತದೆ.

ಮನೋಭಾವ ಬದಲಿಸಿಕೊಳ್ಳಿ ಎಂದು ಇತ್ತೀಚೆಗೆ ಎಲ್ಲೆಡೆ ಕೇಳಿಬರುತ್ತಿರುವ ಉಪದೇಶದಲ್ಲಿ ತಿರುಳೇನಾದರೂ ಇದ್ದರೆ ಅದು ಇಷ್ಟೇ ಎಂದು ನಾನು ತಿಳಿದಿದ್ದೇನೆ. ನಡೆದದ್ದನ್ನು ಸುಳ್ಳೆಂದು ಹೇಳಬೇಕಿಲ್ಲ, ನೋವನ್ನು ಸಣ್ಣದು ಮಾಡಬೇಕಿಲ್ಲ, 'ಎಲ್ಲ ಒಳ್ಳೆಯದಕ್ಕೇ' ಎಂದು ನಗಬೇಕಾಗಿಯೂ ಇಲ್ಲ. ಆದದ್ದಕ್ಕೆ ನಾವು ಕೊಟ್ಟ ಹೆಸರು ಸರಿಯೇ ಎಂದು ಇನ್ನೊಮ್ಮೆ ನೋಡಿಕೊಂಡರೆ ಸಾಕು. ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಚಿಕಿತ್ಸೆಗೆ ರೂಪಿಸಿದ ವಿಧಾನದ ಬುಡದಲ್ಲಿರುವುದು ಇದೇ ವಿಚಾರ: ಘಟನೆಗೂ ನಮ್ಮ ಸಂಕಟಕ್ಕೂ ನಡುವೆ ಆಲೋಚನೆಯೊಂದು ಮಿಂಚಿನಂತೆ ಹಾದುಹೋಗಿರುತ್ತದೆ, ಅದನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಆಧಾರವೇನು, ಬೇರೆ ಅರ್ಥವಿರಬಹುದೇ ಎಂದು ಕೇಳಲು ಕಲಿಯಬಹುದು. 'ಮರ್ಯಾದೆ ಹೋಯಿತು', 'ಇನ್ನು ಮುಖ ತೋರಿಸುವುದು ಹೇಗೆ', 'ನನ್ನ ಹಣೆಬರಹವೇ ಇಷ್ಟು' ಎಂಬ ನಮ್ಮ ಮನೆಮಾತುಗಳೆಲ್ಲ ಇಂಥ ಆಲೋಚನೆಗಳೇ. ಇವು ಎಷ್ಟು ರೂಢಿಯಾಗಿವೆಯೆಂದರೆ ಇವು ಕೇವಲ ಆಲೋಚನೆಗಳೆಂಬುದೇ ನಮಗೆ ಮರೆತುಹೋಗಿದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ವೃತ್ತಿಯ ಮೊದಲ ಹತ್ತು ಹನ್ನೆರಡು ವರ್ಷ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಾನು ಹೆಚ್ಚು ಅಂಕದಿಂದ ಕಡಿಮೆ ಅಂಕದ ಕ್ರಮದಲ್ಲಿ ಜೋಡಿಸಿಕೊಂಡು, ಅಂಕವನ್ನು ಗಟ್ಟಿಯಾಗಿ ಓದಿ ಹಂಚುತ್ತಿದ್ದೆ. ಹೀಗೆ ಮಾಡಿದರೆ ಹಟ ಹುಟ್ಟುತ್ತದೆ ಎಂದು ನಂಬಿದ್ದೆ. ಕೊನೆಯ ಐದಾರು ಪತ್ರಿಕೆಗಳು ಕೈಯಲ್ಲಿ ಉಳಿದಾಗ ಯಾರ ಹೆಸರು ಬಾಕಿಯಿದೆ ಎಂದು ಇಡೀ ತರಗತಿಗೆ ತಿಳಿದಿರುತ್ತಿತ್ತು, ಆ ಮಕ್ಕಳು ತಲೆ ಎತ್ತದೆ ಬಂದು ಪತ್ರಿಕೆ ಕಸಿದುಕೊಂಡಂತೆ ತೆಗೆದುಕೊಂಡು ಹೋಗುತ್ತಿದ್ದರು. 'ಇವನ ತಲೆಗೆ ಲೆಕ್ಕ ಹತ್ತೂದಿಲ್ಲ' ಎಂದು ಪಾಲಕರ ಮುಂದೆಯೇ ಹೇಳಿದ್ದೂ ಉಂಟು. ಅವರಲ್ಲಿ ಎಷ್ಟು ಜನ ಆ ಮಾತನ್ನು ತಮ್ಮ ಹೆಸರಿನಂತೆ ಹೊತ್ತುಕೊಂಡು ಹೋದರೋ ಎಂಬ ನೋವು ನನ್ನನ್ನು ಈಗಲೂ ಬಿಟ್ಟಿಲ್ಲ.

ಹೊಗಳಿಕೆಯೂ ಇದೇ ಕೆಲಸ ಮಾಡಬಲ್ಲದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮನೋವಿಜ್ಞಾನಿ ಕ್ಯಾರೊಲ್ ಡ್ವೆಕ್ ಮತ್ತು ಅವರ ಸಹೋದ್ಯೋಗಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಕೆಲವು ಒಗಟಿನ ಲೆಕ್ಕಗಳನ್ನು ಕೊಟ್ಟು, ಮಾಡಿದ ಮೇಲೆ ಕೆಲವರಿಗೆ 'ನೀನು ಬಹಳ ಜಾಣ' ಎಂದೂ ಕೆಲವರಿಗೆ 'ಬಹಳ ಶ್ರಮಪಟ್ಟು ಮಾಡಿದ್ದೀಯ' ಎಂದೂ ಹೇಳಲಾಯಿತು. ಆಮೇಲೆ ಬೇಕೆಂದೇ ಕಠಿಣ ಲೆಕ್ಕಗಳನ್ನು ಕೊಟ್ಟು ಎಲ್ಲರೂ ಎಡವುವಂತೆ ಮಾಡಲಾಯಿತು. ಜಾಣರೆನಿಸಿಕೊಂಡವರು ಆ ಬಳಿಕ ಕೊಟ್ಟ ಸುಲಭ ಲೆಕ್ಕಗಳಲ್ಲೂ ಹಿಂದೆ ಬಿದ್ದರು. ತಮ್ಮ ಅಂಕವನ್ನು ಬರೆದು ತಿಳಿಸಬೇಕಾದಾಗ ಅವರಲ್ಲಿ ಅನೇಕರು ಹೆಚ್ಚಿಸಿ ಬರೆದರು. ಜಾಣ ಎಂಬ ಬಿರುದು ಸಿಕ್ಕ ಮಗುವಿಗೆ ಒಂದು ಸೋಲು ಸಾಕು, ದಡ್ಡ ಎಂಬ ಹೆಸರಿಗೆ ಹೆದರಲು. ನಮ್ಮ ಊರುಗಳಲ್ಲಿ ಶೇಕಡಾ ತೊಂಬತ್ತು ತೆಗೆದ ಮಕ್ಕಳೂ ಎರಡು ಅಂಕ ಕಡಿಮೆಯಾಯಿತೆಂದು ಕುಸಿದುಹೋಗುವುದನ್ನು ನೋಡುವಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಆದರೆ ಇದೇ ವಿಚಾರವನ್ನು ಮಂತ್ರದಂತೆ ಮಾರುವವರ ಬಗ್ಗೆ ನನಗೆ ಎಚ್ಚರಿಕೆಯಿದೆ, ಓದುಗರಿಗೂ ಇರಲಿ. ಮನೋಭಾವ ಬದಲಾದರೆ ಎಲ್ಲವೂ ಬದಲಾಗುತ್ತದೆ ಎಂಬುದು ಉತ್ಪ್ರೇಕ್ಷೆ. 2019ರಲ್ಲಿ ಪ್ರಕಟವಾದ, ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು 12 ಸಾವಿರ ವಿದ್ಯಾರ್ಥಿಗಳನ್ನು ಒಳಗೊಂಡ ದೊಡ್ಡ ಅಧ್ಯಯನದಲ್ಲಿ, ಬುದ್ಧಿಯು ಬೆಳೆಸಿಕೊಳ್ಳಬಹುದಾದ ಶಕ್ತಿ ಎಂಬುದನ್ನು ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಮಕ್ಕಳಿಗೆ ತಿಳಿಹೇಳಲಾಯಿತು. ಓದಿನಲ್ಲಿ ಹಿಂದಿದ್ದ ಮಕ್ಕಳ ಫಲಿತಾಂಶ ಸುಧಾರಿಸಿದ್ದು ನಿಜ, ಆದರೆ ಆ ಸುಧಾರಣೆ ಸಣ್ಣದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಕಷ್ಟದ ಲೆಕ್ಕಕ್ಕೆ ಕೈಹಾಕುವುದನ್ನು ಸುತ್ತಲಿನ ಸಹಪಾಠಿಗಳು ಮೆಚ್ಚುವಂಥ ಶಾಲೆಗಳಲ್ಲಿ ಅದರ ಪ್ರಯೋಜನ ಹೆಚ್ಚಾಗಿ ಕಂಡಿತು. ಮಗುವಿನ ಕಿವಿಯಲ್ಲಿ ಒಳ್ಳೆಯ ಮಾತು ಹೇಳಿ, ಸುತ್ತಲಿನ ಮನೆ, ಶಾಲೆ, ಓಣಿಗಳನ್ನು ಇದ್ದಂತೆಯೇ ಬಿಟ್ಟರೆ ಆ ಮಾತು ಬೇರು ಬಿಡುವುದಾದರೂ ಎಲ್ಲಿ?

ನಮ್ಮ ಓಣಿಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳಿಯ ಹುಡುಗಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಉಳಿಯಿತೆಂದರೆ ಆ ಬೇಸಿಗೆಯಲ್ಲೇ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ. 'ಹೆಂಗೂ ಫೇಲ್ ಆಗ್ಯಾಳ, ಮನ್ಯಾಗ ಇಟ್ಕೊಂಡು ಏನ್ ಮಾಡೂದು' ಎಂಬ ಮಾತನ್ನು ನಾನು ಎಷ್ಟು ಜಗಲಿಗಳ ಮೇಲೆ ಕೇಳಿದ್ದೇನೋ ಲೆಕ್ಕವಿಲ್ಲ. ಹುಡುಗನಾದರೆ ಗ್ಯಾರೇಜಿಗೋ ಬೆಂಗಳೂರಿನ ಹೋಟೆಲ್ ಕೆಲಸಕ್ಕೋ ಹೊರಡುತ್ತಾನೆ. ಅವಳಿಗೆ ತೆರೆದ ಬಾಗಿಲೇ ಇರುವುದಿಲ್ಲ. ಹದಿನಾರು ವರ್ಷದ ಮಗುವಿಗೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧವೆಂದು ಗೊತ್ತಿದ್ದರೂ ನಿಶ್ಚಯ ಮಾಡಿಟ್ಟು ಎರಡು ವರ್ಷ ಕಾಯುವ ಮನೆಗಳಿವೆ, ಕಾಯದ ಮನೆಗಳೂ ಇವೆ. ಇಂಥ ಹುಡುಗಿಗೆ 27 ಅಂಕವೆಂದರೆ ಎಂಟು ಅಂಕದ ಕೊರತೆಯಷ್ಟೇ ಅಲ್ಲವೆಂಬುದು ಅವಳಿಗೂ ಗೊತ್ತು. ಅವಳ ಭಯ ತಪ್ಪು ಆಲೋಚನೆಯಲ್ಲ. ಅದು ಕಣ್ಣೆದುರಿನ ಸತ್ಯ. ಆಗ ಬದಲಾಗಬೇಕಾದ ಮನೋಭಾವ ಅವಳ ಅಪ್ಪನದು, ಸೋದರಮಾವನದು, ಕಟ್ಟೆಯ ಮೇಲೆ ಕೂತು ವಿಚಾರಿಸುವ ಹಿರಿಯರದು. ನಾನು ಮೇಲೆ ಹೇಳಿದ ಹುಡುಗಿಯ ಪಾಲಿಗೆ ಉಳಿದದ್ದು ಅವಳ ಅಜ್ಜಿ. ಸಹಿ ಹಾಕಲೂ ಬಾರದ ಆ ಹೆಣ್ಣುಮಗಳು, ಮೊಮ್ಮಗಳು ಮತ್ತೆ ಪರೀಕ್ಷೆಗೆ ಕೂರುವವರೆಗೆ ಮನೆಯಲ್ಲಿ ಮದುವೆಯ ಮಾತೆತ್ತಿದರೆ ತಾನು ಊಟ ಮಾಡುವುದಿಲ್ಲ ಎಂದು ಹಟ ಹಿಡಿದಳಂತೆ. ಆ ಜೂನ್‌ನಲ್ಲಿ ಹುಡುಗಿ ಗಣಿತ ಪಾಸಾದಳು.

ಹವಾಯಿಯ ಕವಾಯ್ ದ್ವೀಪದಲ್ಲಿ ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದ್ದರು. ಬಡತನ, ಮನೆಯ ಜಗಳ, ತಂದೆತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ ಇಂಥವೆಲ್ಲ ಒಟ್ಟಾಗಿ ಕಾಡಿದ ಮಕ್ಕಳಲ್ಲಿಯೂ ಮೂರರಲ್ಲೊಬ್ಬರು ಸಮರ್ಥರಾಗಿ, ಇತರರ ಮೇಲೆ ಅಕ್ಕರೆಯುಳ್ಳವರಾಗಿ ಬೆಳೆದರು. ಅವರನ್ನು ಕಾಪಾಡಿದ ಸಂಗತಿಗಳಲ್ಲಿ ಎದ್ದು ಕಂಡದ್ದು, ತಮ್ಮನ್ನು ಇದ್ದ ಹಾಗೇ ಒಪ್ಪಿಕೊಂಡ ಒಬ್ಬ ಹಿರಿಯರಾದರೂ ಅವರ ಬದುಕಿನಲ್ಲಿದ್ದದ್ದು: ಅಜ್ಜಿ, ಚಿಕ್ಕಮ್ಮ, ನೆರೆಯವರು, ಶಿಕ್ಷಕರು. ಹದಿಹರೆಯದಲ್ಲಿ ದಾರಿತಪ್ಪಿದ್ದವರಲ್ಲೂ ಹಲವರು ಮೂವತ್ತರ ಹೊತ್ತಿಗೆ ಎರಡನೆಯ ಅವಕಾಶವೊಂದು ಸಿಕ್ಕಾಗ ಸುಧಾರಿಸಿಕೊಂಡಿದ್ದರು ಎಂಬುದನ್ನು ಓದಿದಾಗ ನನಗೆ ನಮ್ಮ ಆ ಅಜ್ಜಿಯ ಮುಖವೇ ಕಣ್ಣಮುಂದೆ ಬಂತು.

ಎರಡನೆಯ ಅವಕಾಶದ ಮಾತು ಬಂದದ್ದರಿಂದ ಒಂದು ವಿಷಯವನ್ನು ಸಂತೋಷದಿಂದ ಹೇಳಬೇಕು. 2023-24ನೆಯ ಸಾಲಿನಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ, ಅವುಗಳಲ್ಲಿ ಬಂದ ಉತ್ತಮ ಅಂಕವನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ಇದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹೆಸರಿನ ಬದಲಾವಣೆ. ಹಿಂದೆ 'ಪೂರಕ ಪರೀಕ್ಷೆ' ಎಂದರೆ ಫೇಲಾದವರ ಪರೀಕ್ಷೆ ಎಂದೇ ಅರ್ಥವಿತ್ತು. 'ಪರೀಕ್ಷೆ-2' ಎಂಬಲ್ಲಿ ಆ ಕಳಂಕವಿಲ್ಲ, ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಅದೇ ಕೊಠಡಿಯಲ್ಲಿ ಕೂರುತ್ತಾರೆ. 2025ರ ಮೊದಲ ಪರೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳು ತೇರ್ಗಡೆಯಾಗಿರಲಿಲ್ಲ. ಅಷ್ಟೊಂದು ಮಕ್ಕಳಿಗೆ ಕೆಲವೇ ವಾರಗಳಲ್ಲಿ ಮತ್ತೊಂದು ದಿನಾಂಕ ಕಾದಿತ್ತು. ವ್ಯವಸ್ಥೆ ತನ್ನ ಭಾಷೆಯನ್ನು ಬದಲಿಸಿಕೊಂಡಿದೆ. ಮನೆಗಳಲ್ಲಿ ನಾವು ಇನ್ನೂ ಬದಲಿಸಿಕೊಂಡಿಲ್ಲ. ಅದೇ ವರ್ಷ ಬಾಗಲಕೋಟೆಯ ಒಂದು ಮನೆಯಲ್ಲಿ ಆರೂ ವಿಷಯಗಳಲ್ಲಿ ಅನುತ್ತೀರ್ಣನಾದ ಮಗನಿಗೆ ತಂದೆತಾಯಿ ಕೇಕ್ ತಂದು ಧೈರ್ಯ ತುಂಬಿದ ಸುದ್ದಿ ಬಂದಾಗ ಅದನ್ನು ಕಂಡು ನಕ್ಕವರಿದ್ದರು, ಸೋಲನ್ನು ಮೆರೆಸುತ್ತಿದ್ದಾರೆ ಎಂದವರಿದ್ದರು. ನಾನು ಆ ತಂದೆತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. ಕೇಕ್ ಇರಲಿ ಬಿಡಲಿ, ಮಗ ಒಬ್ಬನೇ ಕೋಣೆ ಸೇರದಂತೆ ಆ ದಿನ ಅವನ ಸುತ್ತ ನಿಂತರಲ್ಲ, ಅದು ದೊಡ್ಡದು.

ಮಕ್ಕಳೊಂದಿಗೆ ಮಾತಾಡಲು ಹೊರಟಾಗ ಎದುರಾಗುವ ಒಂದು ಸಣ್ಣ ತೊಡಕನ್ನೂ ಇಲ್ಲಿ ಹೇಳಬೇಕು. ಏನಾಗಿದೆ ಎಂದು ಕೇಳಿದರೆ ಈಗಿನ ಮಕ್ಕಳು ಹೇಳುವುದು ಒಂದೇ ಶಬ್ದ, 'ಟೆನ್ಶನ್'. ನಾಚಿಕೆಗೂ ಟೆನ್ಶನ್, ಭಯಕ್ಕೂ ಟೆನ್ಶನ್, ಸಿಟ್ಟಿಗೂ ಟೆನ್ಶನ್. ನಮ್ಮ ಭಾಷೆಯಲ್ಲಿ ಬೇಸರ, ಸಂಕಟ, ತಳಮಳ, ಕಸಿವಿಸಿ, ದುಗುಡ, ದಿಗಿಲು, ಹಳಹಳಿ, ಮುಜುಗರ ಎಂದು ಒಂದೊಂದು ನೋವಿಗೂ ಅದರದೇ ಹೆಸರಿದೆ. ಭಾವನೆಗೆ ಸರಿಯಾದ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯವನ್ನು ಎಬ್ಬಿಸುವ ಭಾಗದ ಚಟುವಟಿಕೆ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಮಗು 'ಟೆನ್ಶನ್' ಎಂದಾಗ ಅಲ್ಲಿಗೇ ಬಿಡದೆ, ಯಾವ ಬಗೆಯದು, ಅಪ್ಪ ಏನೆನ್ನುತ್ತಾರೋ ಎಂಬ ದಿಗಿಲೇ, ಗೆಳತಿಯರು ಪಾಸಾದರೆಂಬ ಕಸಿವಿಸಿಯೇ, ಓದಿದ್ದು ಸಾಲಲಿಲ್ಲವೆಂಬ ಹಳಹಳಿಯೇ ಎಂದು ನಿಧಾನವಾಗಿ ಕೇಳಬೇಕು. ಉತ್ತರ ಬರುವವರೆಗೆ ಸುಮ್ಮನೆ ಕೂತಿರುವುದೇ ಹಿರಿಯರಿಗೆ ಅತ್ಯಂತ ಕಷ್ಟದ ಕೆಲಸ. ನಾವು ಕೂಡಲೇ ಬುದ್ಧಿ ಹೇಳಲು ತೊಡಗುತ್ತೇವೆ.

ಹದ ಮಾಡಿಕೊಳ್ಳುವುದರಿಂದ ಗುಣವಾಗದ ಸ್ಥಿತಿಗಳೂ ಇವೆ ಎಂಬುದನ್ನು ಒತ್ತಿ ಹೇಳದಿದ್ದರೆ ಈ ಪತ್ರ ತಪ್ಪು ದಾರಿ ತೋರಿಸಿದಂತಾಗುತ್ತದೆ. ಎರಡು ವಾರ ದಾಟಿದರೂ ಇಳಿಯದ ದುಗುಡ, ನಿದ್ದೆ ಹಸಿವುಗಳ ಏರುಪೇರು, ಇಷ್ಟದ ಆಟ ಗೆಳೆತನಗಳಲ್ಲೂ ಆಸಕ್ತಿ ಹೋಗುವುದು, 'ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು' ಎಂಬಂಥ ಮಾತುಗಳು ಕಂಡರೆ ಅದು ಮನೋಭಾವದ ಪ್ರಶ್ನೆಯಾಗಿ ಉಳಿದಿರುವುದಿಲ್ಲ. ಅದಕ್ಕೆ ವೈದ್ಯರೇ ಬೇಕು. ಕೊನೆಯ ಬಗೆಯ ಮಾತು ಕಿವಿಗೆ ಬಿದ್ದರಂತೂ ಎರಡು ವಾರವಲ್ಲ, ಎರಡು ತಾಸೂ ಕಾಯಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ತೊಂದರೆ ಇರುವವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ಇಡೀ ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1980ರ ದಶಕದಲ್ಲಿ ಮೊದಲು ರೂಪುಗೊಂಡದ್ದು ನಮ್ಮದೇ ಬಳ್ಳಾರಿಯಲ್ಲಿ; ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ದಶಕಗಳಿಂದ ಕನ್ನಡದಲ್ಲೇ ಬರೆದು ಈ ಕಾಯಿಲೆಗಳ ಬಗೆಗಿನ ನಾಚಿಕೆಯನ್ನು ಕಡಿಮೆ ಮಾಡಿದ್ದಾರೆ. ಆದರೂ ನಮ್ಮ ಜನ ಮೊದಲು ಹೋಗುವುದು ತಾಯಿತ, ಚೀಟಿ ಕಟ್ಟಿಸಲು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳು ಮಾತ್ರವಲ್ಲ, ದಿಕ್ಕು ತೋಚದ ಅಪ್ಪ ಅಮ್ಮಂದಿರೂ ಕರೆ ಮಾಡಬಹುದು.

ಕಾನೂನು ಕೂಡ ಈ ವಿಷಯದಲ್ಲಿ ತನ್ನ ನೋಟವನ್ನು ಬದಲಿಸಿಕೊಂಡಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳೆಂದು ನೋಡುತ್ತಿದ್ದ ಕಾಲ ಹೋಗಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳು 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕೆಂದೂ, ಅಂಕದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಗುಂಪುಗಳಾಗಿ ಒಡೆಯುವುದನ್ನು ಮತ್ತು ಎಲ್ಲರೆದುರು ಅವಮಾನಿಸುವುದನ್ನು ಸಂಸ್ಥೆಗಳು ಸಾಧ್ಯವಾದಷ್ಟು ಬಿಡಬೇಕೆಂದೂ ಹೇಳಿವೆ. ಎರಡನೆಯದಕ್ಕೆ ಹಣವೂ ಬೇಡ, ಹುದ್ದೆಯ ಮಂಜೂರಾತಿಯೂ ಬೇಡ. ಉತ್ತರಪತ್ರಿಕೆಗಳನ್ನು ಹಾಜರಿಯ ಕ್ರಮದಲ್ಲಿ ಜೋಡಿಸಿ, ಅಂಕ ಓದದೆ, ಮಡಚಿ ಕೈಗೆ ಕೊಟ್ಟರೆ ಸಾಕು. ನನ್ನ ವೃತ್ತಿಯ ಎರಡನೆಯ ಭಾಗದಲ್ಲಿ ನಾನು ಹಾಗೆಯೇ ಮಾಡಿದೆ. ಹಟ ಹುಟ್ಟಲಿಲ್ಲವೆಂದು ಯಾವ ತರಗತಿಯೂ ಹಿಂದೆ ಬೀಳಲಿಲ್ಲ; ಕೊನೆಯ ಬೆಂಚಿನ ಮಕ್ಕಳು ಲೆಕ್ಕ ತಿಳಿಯಲಿಲ್ಲವೆಂದು ಕೈ ಎತ್ತಿ ಹೇಳಲು ತೊಡಗಿದ್ದು ಮಾತ್ರ ಆಮೇಲೆ.

ತಮ್ಮ ಪತ್ರಿಕೆಗೆ ಒಂದು ವಿನಂತಿ ಇದೆ. ಫಲಿತಾಂಶದ ಮರುದಿನದ ಸಂಚಿಕೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರಗಳ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಪರೀಕ್ಷೆ-2ರ ನೋಂದಣಿಗೆ ಕೊನೆಯ ದಿನ ಯಾವುದು, ಶಾಲೆಯಲ್ಲಿ ಯಾರನ್ನು ಕಾಣಬೇಕು, ಉತ್ತರಪತ್ರಿಕೆಯ ಪ್ರತಿಯನ್ನು ಪಡೆಯುವುದು ಹೇಗೆ ಎಂಬ ವಿವರಗಳನ್ನೂ 14416 ಸಂಖ್ಯೆಯನ್ನೂ ಪ್ರಕಟಿಸಬೇಕು. ಹಳ್ಳಿಯ ಚಹಾದಂಗಡಿಯಲ್ಲಿ ಆ ಪುಟವನ್ನು ಒಬ್ಬರು ಗಟ್ಟಿಯಾಗಿ ಓದಿ ಹತ್ತು ಜನ ಕೇಳುತ್ತಾರೆ. ಆ ಹತ್ತು ಜನರಲ್ಲಿ ಯಾರದೋ ಮನೆಯಲ್ಲಿ ಮಗುವೊಂದು ಬಾಗಿಲು ಹಾಕಿಕೊಂಡು ಕೂತಿರುತ್ತದೆ. ನಮ್ಮ ಊರಿನ ಶಾಲೆಯಲ್ಲಿ ನಾವು ಮೂವರು ನಿವೃತ್ತ ಶಿಕ್ಷಕರು ಫಲಿತಾಂಶದ ದಿನದಿಂದ ಒಂದು ವಾರ ಬೆಳಿಗ್ಗೆ ಎಂಟರಿಂದ ಕೂರುವುದೆಂದು ನಿಶ್ಚಯಿಸಿದ್ದೇವೆ. ಬಂದ ಮಕ್ಕಳಿಗೆ ಮೊದಲು ಚಹಾ, ಚುರುಮುರಿ. ಆಮೇಲೆ ಎಷ್ಟು ಅಂಕ ಕಡಿಮೆ ಬಿದ್ದಿವೆ, ಅವು ಎಲ್ಲಿ ಹೋದವು ಎಂಬ ಲೆಕ್ಕ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ,
ಹಾವೇರಿ ಜಿಲ್ಲೆ